ಮಲ್ಲಣ್ಣನ ವಸಡಿಗಿ ಲೇಸರ್ ಯೋಗ

ಖಡಕ್ ರೊಟ್ಟಿ ಮನುಷ್ಯನಿಗೆ ಯಾವತ್ತು ಕೈಕೊಡುತ್ತದೆ ಎಂದು ಯಾವ ಜಾತಕದಲ್ಲೂ ಬರೆದಿರುವುದಿಲ್ಲ. ನಮ್ಮ ದಾಲ್ ಮಿಲ್ ಮಲ್ಲಣ್ಣನಿಗೆ ಅದು ಎಳ್ಳ ಅಮಾವಾಸ್ಯೆಯ ದಿನ, ಹೊಲದ ನಡುವೆ, ಬೀಗರ ಪಂಕ್ತಿಯಲ್ಲೇ ಕೈಕೊಟ್ಟಿತು. ಸಜ್ಜಿ ರೊಟ್ಟಿಯ ತುಂಡಿಗೆ ಬೆಣ್ಣೆ ಹಚ್ಚಿ, ಭಜ್ಜಿ ಇಟ್ಟುಕೊಂಡು, ಎಂದಿನ ಧೈರ್ಯದಿಂದ ಕಚ್ಚಿದ. ರೊಟ್ಟಿ ಮುರಿಯಲಿಲ್ಲ. ಬೆಣ್ಣೆ ಮಾತ್ರ ಕೆಂಪಾಯಿತು. ಚರಗ ಚೆಲ್ಲಿ ಬಂದಿದ್ದ ಬೀಗತಿಯೊಬ್ಬಳು, "ಕುಂಕುಮ ಬಿದ್ದದ ತಗೀರಿ ಅಣ್ಣಾರ" ಎಂದಳಂತೆ. ಮಲ್ಲಣ್ಣ ಆ ಕುಂಕುಮವನ್ನು ಹಾಗೇ ನುಂಗಿ, ಉಳಿದ ಊಟವನ್ನೆಲ್ಲ ಹಾಲುಗ್ಗಿಯಲ್ಲೇ ಮುಗಿಸಿದ.

ಅದಾಗಿ ಹದಿನೈದು ದಿನಕ್ಕೆ, ಕಲಬುರಗಿಯ ಅಪ್ಪನ ಕೆರೆಯ ದಂಡೆಯ ನಮ್ಮ ಖಾಯಂ ಬೆಂಚಿನ ಮೇಲೆ ನಾವು ನಾಲ್ವರೂ ಕೂತಿದ್ದೆವು. ಸುಸಲಾ ಬಂದಿತ್ತು, ಮಿರ್ಚಿ ಎಣ್ಣೆಯಲ್ಲಿತ್ತು. ಮಲ್ಲಣ್ಣ ಗಂಟಲು ಸರಿಮಾಡಿಕೊಂಡು ಘೋಷಿಸಿದ:

"ನಾ ಲೇಸರ್ ಹಾಕಸ್ಲತ್ತೀನಿ."

"ಮಿಲ್ಲಿಗಿ ಏನು?" ಎಂದರು ಮಾಸ್ತರು.

"ಅಲ್ರಿ. ವಸಡಿಗಿ."

ಖಾದರ್ ಭಾಯಿ ಬಾಯಿಗೊಯ್ಯುತ್ತಿದ್ದ ಸುಸಲಾ ಅಲ್ಲೇ ನಿಂತಿತು. "ಯಾ ಅಲ್ಲಾ! ಲಗ್ನದಾಗ ಸ್ಟೇಜಿನ ಮ್ಯಾಲ ಹಸರ ಹಸರ ಬಿಡ್ತಾರಲ್ಲ, ಅದಾ?"

"ಅದರ ಅಣ್ಣ. ದವಾಖಾನ್ಯಾಗ ಟೀವಿ ಹಚ್ಚಿದ್ರು, ನಾ ಕಣ್ಣಾರೆ ನೋಡೀನಿ. ಕೂದಲದಂಥ ತಂತಿ, ತುದಿಗಿ ಕೆಂಪ ಬೆಳಕ. ವಸಡ್ಯಾಗ ಇಟ್ಟ್ರು, ಝುಂಯ್ ಅಂತು, ಮುಗೀತು. ರಕ್ತ ಇಲ್ಲ, ನೋವಿಲ್ಲ. ಮೊದಲು ಹಳೇ ಪದ್ಧತಿಲೆ ಕ್ಲೀನ್ ಮಾಡ್ತಾರ, ಅದರ ಮ್ಯಾಲ ಲೇಸರ್. ಲೇಸರಿಂದು ಬ್ಯಾರೆ, ಹದಿನಾರ ಸಾವಿರ."

ಮಾಸ್ತರು ನಲವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು. ಲೆಕ್ಕ ಕಂಡರೆ ಬಿಡುವವರಲ್ಲ. "ತೊಗರಿ ಬೆಲಿ ಕ್ವಿಂಟಲ್‌ಗಿ 8000 ಹಿಡಿ. ಬರೋಬ್ಬರಿ ಎರಡು ಕ್ವಿಂಟಲ್ ತೊಗರಿ. ಇಷ್ಟು ದಿನ ನೀ ತೊಗರಿ ಬಾಯಾಗ ಹಾಕೊಂಡಿ, ಈಗ ಬಾಯಿ ತೊಗರಿ ತಿನ್ಲತ್ತದ."

"ವಿಜ್ಞಾನಕ್ಕ ರೊಕ್ಕ ಹತ್ತತದ ಸರ."

ವಿಜ್ಞಾನ ಎಂಬ ಶಬ್ದ ಕೇಳಿದ್ದೇ ತಡ, ಮಾಸ್ತರು ಬೀಡಿ ಆರಿಸಿ ಪಾಠಕ್ಕೆ ನಿಂತರು. ಐನ್‌ಸ್ಟೈನ್ 1917ರಲ್ಲೇ ಇದರ ಬೀಜ ಬಿತ್ತಿದ್ದು, 1960ರಲ್ಲಿ ಅಮೆರಿಕದ ಮೈಮನ್ ಎಂಬಾತ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊರಡಿಸಿದ್ದು, ಎಲ್ಲ ಬಂತು. "ಬಲ್ಬಿನ ಬೆಳಕು ಅಂದ್ರ ಶರಣಬಸಪ್ಪನ ಜಾತ್ರಿ ಇದ್ದಂಗ. ಎಲ್ಲಾ ಬಣ್ಣದ ಮಂದಿ, ಎಲ್ಲಾ ದಿಕ್ಕಿಗಿ ನೂಕ್ಯಾಟ. ಲೇಸರ್ ಅಂದ್ರ ಪೊಲೀಸ್ ಪರೇಡು. ಒಂದೇ ಬಣ್ಣದ ಡ್ರೆಸ್, ಒಂದೇ ಹೆಜ್ಜಿ, ಒಂದೇ ದಿಕ್ಕು."

"ಪೊಲೀಸರನ್ನ ಬಾಯಾಗ ಬಿಟ್ಕೊಂಡ್ರ ಕಳ್ಳರು ಓಡಲ್ಕ ಬೇಕಲ್ಲ ಮತ್ತ!" ಎಂದ ಮಲ್ಲಣ್ಣ, ತನ್ನ ವಾದಕ್ಕೆ ಮಾಸ್ತರೇ ಸಾಕ್ಷಿ ನುಡಿದಂತೆ.

ಅಷ್ಟರಲ್ಲಿ ಸ್ಕೂಟಿ ಬಂದು ನಿಂತಿತು. ಮಲ್ಲಣ್ಣನ ತಂಗಿಯ ಮಗಳು ಭಾಗ್ಯಾ. ಹಲ್ಲಿನ ಡಾಕ್ಟರಿಕೆ ಮುಗಿಸಿ, ಈಗ ವಸಡಿನದೇ ವಿಷಯ ಹಿಡಿದು ಎಂಡಿಎಸ್ ಓದುತ್ತಿರುವ ಹುಡುಗಿ. ಮನೆಯಲ್ಲೇ ಡಾಕ್ಟರ್ ಇರುವಾಗ ಮಲ್ಲಣ್ಣ ಹೊರಗೆ ತೋರಿಸಿದ್ದೇಕೆ ಎಂದು ನೀವು ಕೇಳಬಹುದು. ಮನೆಯ ಡಾಕ್ಟರು ಫೀಸು ತಗೊಳ್ಳುವುದಿಲ್ಲ. ಫೀಸು ತಗೊಳ್ಳದ ಡಾಕ್ಟರ ಮಾತನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ.

"ಮಾಮಾ, ಅತ್ತಿ ಹೇಳಿದ್ಳು, ನೀವು ಲೇಸರ್‌ಗಿ ಅಡ್ವಾನ್ಸ್ ಕೊಡ್ಲಾಕ ಹೊಂಟೀರಂತ?"

"ಬಾ ಯವ್ವಾ ಕೂಡು. ನಮ್ಮ ಕಲ್ಯಾಣ ಕರ್ನಾಟಕದ ಹಲ್ಲಿಗಿ ಸಂವಿಧಾನದ 371ಜೆ ಕಲಮಿನೊಳಗ ಏನರೆ ಸವಲತ್ತು ಅದೇನು, ನೀನೇ ಹೇಳು" ಎಂದೆ ನಾನು.

"371ಜೆ ನನಗ ಸೀಟ ಕೊಟ್ಟದ ಕಾಕಾ, ಮಾಮಾಗ ಹಲ್ಲ ಕೊಡಂಗಿಲ್ಲ. ಎಲ್ಲಿ ಮಾಮಾ, ಅವರು ಬರಕೊಟ್ಟ ಚೀಟಿ ತೋರಸ್ರಿ."

ಚೀಟಿ ಬಂತು. ಅದರಲ್ಲಿ ಮೂವತ್ತೆರಡು ಹಲ್ಲಿನ ಚಿತ್ರ, ಒಂದೊಂದು ಹಲ್ಲಿನ ಸುತ್ತ ಆರು ಅಂಕಿ. ಮಲ್ಲಣ್ಣ ಅದನ್ನು ಮಟಕಾ ಚೀಟಿಯಂತೆ ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟಿದ್ದ. ಭಾಗ್ಯಾ ಬೆರಳಿಟ್ಟು ಓದಿದಳು. "ಮುಂದಿನವು ಮೂರು, ಮೂರು, ನಾಲ್ಕು. ಹಿಂದ ದವಡಿ ಹಲ್ಲಿಗಿ ಆರು, ಆರು, ಏಳು."

"ಏನದು, ಮಾರ್ಕಾ?"

"ಪಾಕೆಟ್. ಹಲ್ಲಿಗೂ ವಸಡಿಗೂ ನಡುವ ಸಂದಿ. ಮಿಲಿಮೀಟರ್ ಕಡ್ಡಿ ಇಳಿಸಿ ಆಳ ನೋಡ್ತಾರ. ಒಂದರಿಂದ ಮೂರು ಇದ್ರ ಚಂದ. ನಾಲ್ಕು ದಾಟ್ತಂದ್ರ ಸಂಶಯ. ಆರು-ಏಳು ಅಂದ್ರ, ಹಲ್ಲು ಹಿಡದ ಎಲುಬು ಕೆಳಗ ಕರಗಲತ್ತದ."

"ಹಲ್ಲಿಗೂ ಪಾಕೀಟ ಇರ್ತಾವಾ?" ಎಂದರು ಖಾದರ್ ಭಾಯಿ.

"ಇರ್ತಾವ ಚಾಚಾ. ಅವು ತುಂಬಿದಂಗ ನಮ್ಮ ಪಾಕೀಟ ಖಾಲಿ ಆಯ್ತಾವ."

ಮಲ್ಲಣ್ಣನ ಮುಖ ಸ್ವಲ್ಪ ಇಳಿಯಿತು. ಹುಡುಗಿಗೆ ಕನಿಕರ ಬಂದಿರಬೇಕು, ಕೋಟೆಯ ಉದಾಹರಣೆ ತೆಗೆದಳು. "ನಮ್ಮ ಕಿಲ್ಲಾದ ಸುತ್ತ ಕಂದಕ ಅದಲ್ಲ ಮಾಮಾ, ಹಲ್ಲಿನ ಸುತ್ತ ಈ ಸಂದಿ ಹಂಗ. ಆಳ ಕಮ್ಮಿ ಇದ್ರ ಬ್ರಶ್ಶು ಮುಟ್ತದ, ಹೊಲಸು ಹೋಯ್ತದ. ಆಳ ಆಯ್ತು, ಕಂದಕದಾಗ ಕಸ ಬಿತ್ತು, ತಗಿಯವರು ಯಾರೂ ಇಲ್ಲ. ದಿನಾ ಕೂಡೋ ಹೊಲಸಿಗಿ ಉಗುಳಿನ ಸುಣ್ಣ ಸೇರಿ ಕಲ್ಲು ಆಯ್ತದ. ಪದರ ಪದರ, ಶಹಾಬಾದ ಪರಸಿ ಹಂಗ. ಬ್ರಶ್ಶಿಗಿ ಬಗ್ಗಂಗಿಲ್ಲ. ಆ ಕಲ್ಲಿನ ಖರಖರಿ ಮೈಮ್ಯಾಲ ಮತ್ತ ಹೊಸ ಹೊಲಸು ಬಂದು ಕೂಡ್ತದ. ಅದಕ್ಕ ವಸಡಿ ಬಾತು ರಕ್ತ ಬರ್ಲತ್ತದ."

"ಅದಕ್ಕೇ ನಾ ಎಂದೂ ಕ್ಲೀನ್ ಮಾಡಸಿಲ್ಲ" ಎಂದ ಮಲ್ಲಣ್ಣ, ಇಷ್ಟು ಹೊತ್ತಿನಿಂದ ಅದುಮಿಟ್ಟುಕೊಂಡಿದ್ದ ಸಿದ್ಧಾಂತವನ್ನು ಹೊರತೆಗೆಯುತ್ತ. "ನಮ್ಮವ್ವ ಹೇಳ್ತಿದ್ಳು, ಹಲ್ಲ ತೊಳಸಿದ್ರ ಸಡ್ಲ ಆಯ್ತಾವ ಅಂತ."

"ಅಜ್ಜಿ ಖರೇ ಹೇಳ್ಯಾಳ, ಅರ್ಧ. ಗ್ವಾಡಿ ಬುನಾದಿ ಕುಸದದ, ನಡುವ ಸಿಮೆಂಟಿನ ಹೆಂಟಿ ಸಿಕ್ಕೊಂಡು ಅಳ್ಳಾಡ್ದಂಗ ಹಿಡದದ. ಹೆಂಟಿ ತಗದ್ರ ಗ್ವಾಡಿ ಅಳ್ಳಾಡ್ತದ. ಕೆಡವಿದ್ದು ಹೆಂಟಿ ತಗದವನಾ, ಬುನಾದಿ ಕುಸೀಲಾಕ ಬಿಟ್ಟವನಾ?"

ಸೇಡಂ, ವಾಡಿ ಕಡೆಯ ಸಿಮೆಂಟಿನ ಧೂಳು ಕುಡಿದು ಬೆಳೆದ ಜಿಲ್ಲೆ ನಮ್ಮದು; ಈ ಉಪಮೆಗೆ ಯಾರೂ ಎದುರಾಡಲಿಲ್ಲ. ಅಷ್ಟರಲ್ಲಿ ಮಿರ್ಚಿಯೂ ಬಂತು. ಮಲ್ಲಣ್ಣ ಅದರ ತೊಟ್ಟು ಹಿಡಿದು ನೋಡಿ, ನಿಟ್ಟುಸಿರು ಬಿಟ್ಟು ನನ್ನ ಕಾಗದಕ್ಕೆ ಸರಿಸಿದ. ನನ್ನ ಎರಡು ದವಡೆ ಹಲ್ಲು ಹೋಗಿ ಹನ್ನೊಂದು ವರ್ಷವಾಗಿದೆ. ಹೋದವನಿಗೆ ಭಯವಿರುವುದಿಲ್ಲ, ಎರಡೂ ತಿಂದೆ.

"ಅದಕ್ಕೇ ಅಲ್ಲೇನು ಲೇಸರ್?" ಎಂದು ಮಲ್ಲಣ್ಣ ಮತ್ತೆ ಎದ್ದ. "ಕಂದಕದಾಗ ಬೆಳಕ ಬಿಟ್ರ ಕಲ್ಲೂ ಸುಟ್ಟು, ಹುಳಾನೂ ಸುಟ್ಟು..."

"ಕಲ್ಲು ಸುಡಂಗಿಲ್ಲ ಮಾಮಾ. ನೀವು ನೋಡಿದ್ದು ಡಯೋಡ್ ಲೇಸರ್. ಬೆಳಕಿನ ಅಲೆಯ ಉದ್ದ 810, 940, 980 ನ್ಯಾನೋಮೀಟರ್ ಅಂತ ಬರ್ತಾವ. ಅದಕ್ಕ ರಕ್ತದ ಕೆಂಪು, ಮೈಯಾಗಿನ ಕರಿ ಬಣ್ಣ ಭಾಳ ಸೇರ್ತದ. ಬಾತ ವಸಡಿನ ಒಳಮೈ ಸುಡ್ತದ, ಅಲ್ಲಿರೋ ಬ್ಯಾಕ್ಟೀರಿಯಾ ಕಮ್ಮಿ ಮಾಡ್ತದ, ರಕ್ತ ನಿಂದರಸ್ತದ. ಕಲ್ಲು ಮಾತ್ರ ಇದ್ದಲ್ಲೇ ಇರ್ತದ. ಎರ್ಬಿಯಂ ಅಂತ ಬ್ಯಾರೆ ಜಾತಿ ಅದ, 2940 ನ್ಯಾನೋಮೀಟರಿಂದು, ನೀರಿಗಿ ಬಡಿಯೋದು. ಅದು ಕಲ್ಲೂ ಒಡೀತದ. ಆದ್ರ ಚೀಟ್ಯಾಗ ಬರದದ್ದು ಡಯೋಡೇ."

"ಮತ್ತ ಆ ಕೆಂಪ ಬೆಳಕ? ಅಷ್ಟು ಜೋರಿತ್ತಲ್ಲ!"

"ಅದು ಗುರಿ ತೋರಸೋ ದೀಪ ಮಾಮಾ. ಖರೇ ಲೇಸರ್ ಕಣ್ಣಿಗಿ ಕಾಣಂಗಿಲ್ಲ. ಎಲ್ಲಿ ಬೀಳ್ಲತ್ತದ ಅಂತ ಡಾಕ್ಟರ್‌ಗಿ ತಿಳೀಲಿ ಅಂತ ಬಾಜೂಕ ಒಂದು ಕೆಂಪ ಬೆಳಕ ಬಿಟ್ಟಿರ್ತಾರ."

ಒಂದು ಕ್ಷಣ ಕೆರೆಯೂ ಮೌನವಾಯಿತು. "ಅಂದ್ರ ನಾ ಹದಿನಾರ ಸಾವಿರಕ್ಕ ಮಳ್ಳಾಗಿದ್ದು ಟಾರ್ಚ್ ನೋಡಿ?" ಎಂದ ಮಲ್ಲಣ್ಣ. ಮಾಸ್ತರು ನಕ್ಕ ನಗೆಗೆ ಕೊಕ್ಕರೆಯೊಂದು ಹಾರಿಹೋಯಿತು.

ಖಾದರ್ ಭಾಯಿ ಚಷ್ಮಾ ದುಕಾನದವರು, ಕಣ್ಣಿಗೆ ಕಾಣದ ಬೆಳಕು ಎಂದದ್ದೇ ಅವರ ವ್ಯಾಪಾರ ಎಚ್ಚರಾಯಿತು. "ಕಾಣಂಗಿಲ್ಲ ಅಂದ್ರ ಕಣ್ಣಿಗಿ ಜಾಸ್ತಿ ಖತರಾ ಅಲ್ಲೇನು ಬೇಟಾ? ಮಲ್ಲಣ್ಣಾ, ಹೋಗೋ ಮುಂದ ನನ್ನ ಕಡಿಂದ ಕರೀ ಚಷ್ಮಾ ಒಯ್ಯಿ, ದೋಸ್ತಿ ರೇಟ್."

"ಬಿಸಿಲಿನ ಚಷ್ಮಾ ನಡಿಯಂಗಿಲ್ಲ ಚಾಚಾ. ಒಂದೊಂದು ಲೇಸರ್‌ಗಿ ಅದರದೇ ಚಷ್ಮಾ ಬೇಕು. 810ರದು ಹಾಕೊಂಡು 2940ರ ಮುಂದ ಕೂತ್ರ ಹಾಕೊಳ್ಳಾರದಂಗೇ. ಡಾಕ್ಟರು, ನರ್ಸು, ಪೇಶಂಟು, ಎಲ್ಲರೂ ಹಾಕೋಬೇಕು."

"ಮೂರು ಚಷ್ಮಾ!" ಎಂದರು ಖಾದರ್ ಭಾಯಿ. ಲೇಸರಿನ ಬಗ್ಗೆ ಅವರ ಅಭಿಪ್ರಾಯ ಆ ಗಳಿಗೆಯಿಂದ ಮೃದುವಾಗುತ್ತ ಹೋದದ್ದನ್ನು ನಾನು ಗಮನಿಸಿದೆ.

ಆದರೆ ಮಲ್ಲಣ್ಣ ವ್ಯಾಪಾರಿ. ಟಾರ್ಚಿಗೆ ಸೋತೆನೆಂದು ಒಪ್ಪಿ ಏಳುವ ಗಿರಾಕಿಯಲ್ಲ. "ನೋಡವ್ವಾ, ಹಳೇದು ಹಳೇದೇ. ನಾ ಮಿಲ್ಲಿಗಿ ಸಾರ್ಟೆಕ್ಸ್ ಮಷಿನ್ ತಂದಾಗ ಇದೇ ಬೆಂಚಿನ ಮ್ಯಾಲ ಇವರೆಲ್ಲಾ ನಕ್ಕಿದ್ರು. ಇವತ್ತ ಕ್ಯಾಮೆರಾ ಬೆಳಕ ಬಿಟ್ಟು ಒಂದೊಂದು ಬ್ಯಾಳಿ ನೋಡಿ, ಕಪ್ಪಿದ್ದಿದ್ದು ಟಪ್ ಅಂತ ಉಗುಳ್ತದ. ಬೆಳಕಿನ ತಾಕತ್ತು ನನಗ ಹೇಳಬ್ಯಾಡ."

ಭಾಗ್ಯಾ ಇದಕ್ಕೇ ಕಾದಿದ್ದಳೋ ಏನೋ. "ಹೌದು ಮಾಮಾ. ಹಂಗಾರ ನಾಳಿಗಿ ಒಂದು ಕೆಲಸ ಮಾಡ್ರಿ. ಜರಡಿ ಬಿಚ್ಚಿ ಇಡ್ರಿ, ಕಲ್ಲ ತಗಿಯೋ ಮಷಿನ್ ಬಂದ್ ಮಾಡ್ರಿ, ಹೊಟ್ಟು ಬಿಡಸೋ ರೋಲ್ ಬ್ಯಾಡ. ಹೊಲದಿಂದ ಬಂದ ತೊಗರಿ ಸೀದಾ ಸಾರ್ಟೆಕ್ಸಿಗಿ ಸುರೀರಿ."

"ತಲಿ ಕೆಟ್ಟದೇನ್ ನಿನಗ! ಮಷಿನ್ ಮಣ್ಣ ತಿಂದು ಕೂಡ್ತದ! ಕಲ್ಲು, ಕಡ್ಡಿ, ಹೊಟ್ಟು ಎಲ್ಲಾ ಹೋಗಿ, ಬ್ಯಾಳಿ ಆಗಿ, ಕಡೀಕ ಉಳದ ನಾಲ್ಕು ಕಪ್ಪ ಕಾಳಿಗಿ ಅದು..." ಮಲ್ಲಣ್ಣ ತಾನೇ ಆಡುತ್ತಿದ್ದ ಮಾತಿನ ಮೇಲೆ ತಾನೇ ಎಡವಿ ನಿಂತ.

"ಹೇಳ್ರಿ ಹೇಳ್ರಿ" ಎಂದರು ಮಾಸ್ತರು.

"...ಕಡೀಕ ಹಚ್ಚೋದು" ಎಂದ ಸಣ್ಣ ದನಿಯಲ್ಲಿ.

"ನಿಮ್ಮ ಬಾಯಾಗೂ ಹಂಗೇ. ಮೊದಲು ವಸಡಿ ಮರಗಟ್ಟಿಸೋ ಸೂಜಿ ಕೊಟ್ಟು, ನಡಗೋ ಮಷಿನ್‌ಲೆ, ಆಮ್ಯಾಲ ಕೈ ಉಪಕರಣಲೆ ವಸಡಿನ ತೆಳಗಿನ ಕಲ್ಲೆಲ್ಲಾ ಕೆರದು ಬೇರು ನುಣ್ಣಗ ಮಾಡಬೇಕು. ಎರಡು ಸಲ ಬರಬೇಕಾಯ್ತದ. ಅದೇ ಅಸಲ ಔಷಧ. ನಿಮ್ಮ ಆರು-ಏಳು ಅಲ್ಲೇ ಸುಮಾರು ಇಳೀತದ. ಲೇಸರ್ ಅದರ ಮ್ಯಾಲ. ಅದರ ಬದಲಿ ಅಲ್ಲ."

"ಆಯ್ತು, ಮ್ಯಾಲೇ ಇರ್ಲಿ. ಮ್ಯಾಲ ಹಾಕಿದ್ರ ಎಷ್ಟು ಹೆಚ್ಚಿಗಿ ಸಿಗ್ತದ? ಲೆಕ್ಕ ಹೇಳು."

ಇಲ್ಲಿ ಹುಡುಗಿ ಸ್ವಲ್ಪ ತಡೆದಳು. ಗೆದ್ದ ವಾದವನ್ನು ಇನ್ನಷ್ಟು ಉಬ್ಬಿಸುವ ಆಸೆ ಎಲ್ಲರಿಗೂ ಇರುತ್ತದೆ. ಇವಳು ಉಬ್ಬಿಸಲಿಲ್ಲ, ಅದು ನನಗೆ ಮೆಚ್ಚುಗೆಯಾಯಿತು. "ಅಮೆರಿಕದ ವಸಡಿನ ಡಾಕ್ಟರ್‌ಗಳ ಅಕಾಡೆಮಿ 2018ರಾಗ ಇದ್ದಬದ್ದ ಪ್ರಯೋಗ ಎಲ್ಲಾ ಮುಂದ ಇಟ್ಕೊಂಡು ನೋಡ್ತು ಮಾಮಾ. ಸಾದಾ ಚಿಕಿತ್ಸಾದ ಮ್ಯಾಲ ಲೇಸರ್ ಕೂಡಸಿದ್ರ ಸಿಗೋ ಹೆಚ್ಚಿನ ಫಾಯದಾ ಒಂದು ಮಿಲಿಮೀಟರ್ ಒಳಗಽ ಅಂತ ಬರೀತು. ಯುರೋಪಿನವರು 2020ರಾಗ ಮಾರ್ಗಸೂಚಿ ಮಾಡಿದ್ರು. ಅವರಂತೂ, ಕಲ್ಲು ತಗಿಯೋದ್ರ ಜೋಡಿ ಲೇಸರ್ ಬಳಸಬ್ಯಾಡ್ರಿ ಅಂತಽ ಸಲಹಾ ಕೊಟ್ಟಾರ. ಕೆಟ್ಟದ್ದಂತ ಅಲ್ಲ. ಹೆಚ್ಚಿನ ಫಾಯದಾಕ್ಕ ಗಟ್ಟಿ ಪುರಾವೆ ಸಾಲದು ಅಂತ."

"ಯಾಕ ಸಾಲದು? ಅಷ್ಟು ದೊಡ್ಡ ದೊಡ್ಡ ಮಂದಿ ಕೂತಾರ!"

"ಒಬ್ಬರು ಪ್ರಯೋಗ ಮಾಡಿದ ಲೇಸರ್ ಬ್ಯಾರೆ, ಇನ್ನೊಬ್ಬರದು ಬ್ಯಾರೆ. ಒಬ್ಬರು ಒಂದು ಸಲ ಹೊಡದಾರ, ಇನ್ನೊಬ್ಬರು ವಾರವಾರ ಹೊಡದಾರ. ಒಬ್ಬರದು ಮಂದ ಬೆಳಕು, ಒಬ್ಬರದು ಪ್ರಖರ. ಭಾಳಷ್ಟು ಪ್ರಯೋಗದಾಗ ಪೇಶಂಟ್ ಕಮ್ಮಿ, ನೋಡಿದ್ದೂ ಕೆಲವೇ ತಿಂಗಳು. ನಾಲ್ಕು ಮನಿ ಸುಸಲಾ ಕಲಸಿ ಯಾರ ಕೈರುಚಿ ಅಂತ ಕೇಳ್ದಂಗ."

ಮಲ್ಲಣ್ಣ ಹೆಬ್ಬೆರಳು-ತೋರುಬೆರಳಿನ ನಡುವೆ ಒಂದು ಮಿಲಿಮೀಟರಿನಷ್ಟು ಸಂದಿ ಮಾಡಿ ದೀಪಕ್ಕೆ ಹಿಡಿದು ನೋಡಿದ. "ಎರಡು ಕ್ವಿಂಟಲ್ ತೊಗರಿಗಿ ಇಷ್ಟೇನಾ?"

"ಇಷ್ಟೂ ಅಲ್ಲ. ಇದರ ಒಳಗ" ಎಂದರು ಮಾಸ್ತರು. ಮಲ್ಲಣ್ಣ ಬೆರಳು ಇನ್ನಷ್ಟು ಕೂಡಿಸಿದ. ನಶ್ಯ ಹಿಡಿದಂತೆ ಕಂಡಿತು.

ಚಷ್ಮಾದ ಆಸೆ ಬಿಡದ ಖಾದರ್ ಭಾಯಿ ಲೇಸರಿನ ಪರ ವಕೀಲಿಗೆ ಇಳಿದರು. "ಹಂಗಂದ್ರ ಬಿಲ್ಕುಲ್ ಬೇಕಾರ್ ಚೀಜಾ ಬೇಟಾ ಅದು?"

"ಇಲ್ಲ ಚಾಚಾ, ಅದರ ಜಾಗಾದಾಗ ಅದು ಛಲೋ. ತುಟಿ ಒಳಗಿನ ಎಳಿ ವಸಡಿಗಿ ಗಟ್ಟಿ ಹಿಡಕೊಂಡಿದ್ರ ಬಿಡಸಲ್ಕ, ಹೆಚ್ಚಾದ ವಸಡಿ ಕತ್ತರಸಲ್ಕ, ಕರೀ ವಸಡಿ ಗುಲಾಬಿ ಮಾಡಲ್ಕ ನಾವೂ ಬಳಸ್ತೀವಿ. ರಕ್ತ ಕಮ್ಮಿ, ಎಷ್ಟೋ ಸಲ ಹೊಲಿಗಿನೂ ಬೇಕಾಗಂಗಿಲ್ಲ. ಕೈ ಪಳಗಿರಬೇಕು, ಅಷ್ಟೇ. ಒಂದೇ ಕಡಿ ಹಿಡದು ನಿಂತ್ರ ಬೇರಿಗಿ, ಎಲುಬಿಗಿ ಕಾವು ಹತ್ತತದ."

"ಗುಲಾಬಿ!" ಎಂದರು ಖಾದರ್ ಭಾಯಿ. "ಈ ವಯಸ್ಸಿನಾಗ ಯಾರಿಗಿ ತೋರಸೂದದ?"

ಇಷ್ಟೂ ಹೊತ್ತು ಮಾಸ್ತರು ಬೀಡಿ ಮೇಲೆ ಬೀಡಿ ಹಚ್ಚುತ್ತ, ಪರರ ಬಾಯಿಯ ವಿಚಾರದಲ್ಲಿ ಪರಮ ಸುಖ ಪಡುತ್ತಿದ್ದರು. ಈಗ ಸಭೆ ಮುಗಿಸುವ ಗತ್ತಿನಲ್ಲಿ ಎದ್ದು ನಿಂತರು. "ನೋಡ್ರಿಪಾ, ಇದೆಲ್ಲಾ ಸೋಮಾರಿಗಳ ಜಡ್ಡು. ನಾನು ಅರವತ್ತೆಂಟು. ನಲವತ್ತೈದು ವರ್ಷದಿಂದ ದಿನಾ ಒಂದು ಕಟ್ಟು ಬೀಡಿ. ಬೇವಿನ ಕಡ್ಡಿಲೆ ಎಷ್ಟೇ ತಿಕ್ಕಿದ್ರೂ ಒಂದು ಹನಿ ರಕ್ತ ಕಂಡಿಲ್ಲ. ಒಂದು ಹನಿ!"

ಭಾಗ್ಯಾ ಮೆಲ್ಲಗೆ, ಶಾಲೆಯಲ್ಲಿ ಮಾಸ್ತರ ತಪ್ಪು ತೋರಿಸುವ ಜಾಣ ಹುಡುಗಿಯ ದನಿಯಲ್ಲಿ ಹೇಳಿದಳು: "ಸರ, ಅದೇ ಅಂಜಿಕಿ. ತಂಬಾಕಿನ ಹೊಗಿ ವಸಡಿನ ಸಣ್ಣ ನಾಳ ಬಿಗೀತದ. ಒಳಗ ಜಡ್ಡಿದ್ರೂ ಮ್ಯಾಲ ರಕ್ತ ಬರಂಗಿಲ್ಲ. ಮಾಮಾಗ ರಕ್ತರೆ ಬಂದು ಎಚ್ಚರ ಮಾಡ್ತು. ನಿಮಗ ಎಚ್ಚರದ ಗಂಟಿನೇ ಬಿಚ್ಚಿ ಇಟ್ಟದ ಸರ. ಮ್ಯಾಲ, ಬೀಡಿ ಸೇದೋರಿಗಿ ಚಿಕಿತ್ಸಾ ಕೊಟ್ರೂ ವಸಡಿ ಅಷ್ಟು ಛಲೋ ಮಾಯಂಗಿಲ್ಲ."

ಮಾಸ್ತರು ಕೂತರು. ಬಾಯಿ ಮುಚ್ಚಿತ್ತು, ಆದರೆ ಕೆನ್ನೆಯೊಳಗೆ ಏನೋ ಓಡಾಡುತ್ತಿತ್ತು. ನಾಲಿಗೆಯಿಂದ ಒಂದೊಂದೇ ಹಲ್ಲು ತಳ್ಳಿ ಪರೀಕ್ಷಿಸುತ್ತಿದ್ದರು. ಎಡಗಡೆ ಕೆಳಗೆ ಬಂದಾಗ ನಾಲಿಗೆ ನಿಂತಿತು. ಮತ್ತೆ ತಳ್ಳಿತು. ಮತ್ತೆ ನಿಂತಿತು.

"ಮಲ್ಲಣ್ಣಂದು ಇನ್ನೊಂದದ" ಎಂದು ನಾನೇ ಚಾಡಿ ಹೇಳಿದೆ. "ಸಕ್ಕರಿ ಮುನ್ನೂರರ ಮ್ಯಾಲದ, ಚಾದಾಗ ಎರಡು ಚಮಚ ಹಾಕಸ್ಕೊತಾನ."

"ಗೊತ್ತದ ಕಾಕಾ, ಅತ್ತಿ ಹೇಳ್ಯಾಳ. ಸಕ್ಕರಿ ಜಡ್ಡಿಗೂ ವಸಡಿ ಜಡ್ಡಿಗೂ ಬೀಗಸ್ತನ ಅದ. ಸಕ್ಕರಿ ಏರಿದ್ರ ವಸಡಿ ಕೆಡ್ತದ, ವಸಡಿ ಕೆಟ್ರ ಸಕ್ಕರಿ ಹಿಡತಕ್ಕ ಬರಂಗಿಲ್ಲ. ವಸಡಿಗಿ ಬರೋಬ್ಬರಿ ಚಿಕಿತ್ಸಾ ಕೊಟ್ರ ಮೂರು-ನಾಲ್ಕು ತಿಂಗಳಿಗಿ ಎಚ್‌ಬಿಎ1ಸಿ, ಅಂದ್ರ ಮೂರು ತಿಂಗಳ ಸಕ್ಕರಿ ತೋರಸೋ ರಕ್ತಪರೀಕ್ಷಾದ ಅಂಕಿ, ಸರಾಸರಿ 0.4ರಷ್ಟು ಇಳೀತದ ಅಂತ ಲೆಕ್ಕ ಅದ. ಲೇಸರ್ ಇಲ್ಲದೇನೇ."

"ಸೊನ್ನಿ ಪಾಯಿಂಟ್ ನಾಲ್ಕು, ಒಂದು ಮಿಲಿಮೀಟರ್ ಒಳಗ... ನಿಮ್ಮ ಡಾಕ್ಟರಿಕಿನಾಗ ದೊಡ್ಡ ಅಂಕಿನೇ ಇಲ್ಲೇನು?" ಎಂದ ಮಲ್ಲಣ್ಣ.

"ಅದ ನೋಡು, ಬಿಲ್ಲಿನಾಗ" ಎಂದರು ಖಾದರ್ ಭಾಯಿ.

ಕಡೆಗೆ ಒಪ್ಪಂದವಾದದ್ದು ಹೀಗೆ. ಸೋಮವಾರ ಭಾಗ್ಯಾಳ ಕಾಲೇಜಿಗೆ ಹೋಗಿ ಕಲ್ಲು ಕೆರೆಸುವುದು. ಎರಡು-ಮೂರು ತಿಂಗಳು ಬಿಟ್ಟು ಮತ್ತೆ ಕಡ್ಡಿ ಇಳಿಸಿ ಅಳೆಯುವುದು. ಆಗಲೂ ಆಳ ಉಳಿದ ಕಡೆ, ಬೇಕಿದ್ದರೆ ವಸಡು ಬಿಡಿಸಿ ಒಳಗೆ ಸ್ವಚ್ಛ ಮಾಡುವ ಆಪರೇಷನ್. ಆಮೇಲೆ ಮೂರು ತಿಂಗಳಿಗೊಮ್ಮೆ ಹಾಜರಿ. ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಶ್ಶು ದಿನಾ ರಾತ್ರಿ. ಈ ಕಡೆಯ ಕಲಮು ಕೇಳಿ ಮಲ್ಲಣ್ಣ ಬಹಳ ಹೊತ್ತು ಚೌಕಾಸಿ ಮಾಡಿದ. ವಾರಕ್ಕೆ ಎರಡು ದಿನ ಎಂದ, ಹಬ್ಬಕ್ಕೊಮ್ಮೆ ಎಂದ, ಹದಿನಾರು ಸಾವಿರ ಕೊಟ್ಟುಬಿಡುತ್ತೇನೆ ಬ್ರಶ್ಶು ಬಿಡಿಸು ಎಂದೂ ಎಂದ. ಜನ ಲೇಸರಿಗೆ ಯಾಕೆ ಮುಗಿಬೀಳುತ್ತಾರೆ ಎಂಬುದು ನನಗೆ ಆಗ ಹೊಳೆಯಿತು. ಲೇಸರನ್ನು ಇನ್ನೊಬ್ಬರು ಹಿಡಿಯುತ್ತಾರೆ. ಬ್ರಶ್ಶನ್ನು ನಾವೇ ಹಿಡಿಯಬೇಕು.

ಭಾಗ್ಯಾ ಸ್ಕೂಟಿಯ ಚಾವಿ ತೆಗೆಯುವಾಗ ಮಾಸ್ತರು ಕೆಮ್ಮಿದರು. "ತಂಗಿ, ಹೊತ್ತಾಗಿಲ್ಲಂದ್ರ... ನಂದೂ ಒಂದೀಟು ನೋಡ್ತಿಯೇನು? ಎಡಗಡಿ ತೆಳಗಿಂದು. ಸುಮ್ನ, ಕುತೂಹಲಕ್ಕ."

ಖಾದರ್ ಭಾಯಿ ಮೊಬೈಲಿನ ಟಾರ್ಚ್ ಹಚ್ಚಿದರು. ಮಲ್ಲಣ್ಣ, "ಚಷ್ಮಾ ಹಾಕೋರಿ ಎಲ್ಲರೂ!" ಎಂದು ಕೂಗಿದ. ಮಾಸ್ತರು ಆಕಾಶಕ್ಕೆ ಮುಖ ಮಾಡಿ ಬಾಯಿ ತೆರೆದರು, ಭಾಗ್ಯಾ ಬಗ್ಗಿದಳು, ನಾನೂ ಬಗ್ಗಿದೆ. ವಾಕಿಂಗ್ ಬಂದ ಇಬ್ಬರು ಹೆಂಗಸರು ನಿಂತು ನೋಡಿದರು. ಮಿರ್ಚಿ ಗಾಡಿಯವನು ಝಾರಾ ಕೆಳಗಿಟ್ಟು, ಕೈ ಒರೆಸಿಕೊಂಡು ಬಂದು ಮಾಸ್ತರ ಹಿಂದೆ ನಿಂತ.

"ಏನಪಾ, ಏನು ಬೇಕು?" ಎಂದೆ.

"ಕ್ಯಾಂಪ್ ಅದ ಅಂದ್ರಲ್ರಿ" ಎಂದು ಅವನೂ ಬಾಯಿ ತೆರೆದ.